ಗದ್ದಲದಲ್ಲಿ ಒಳ್ಳೆಯದು, ಕೆಟ್ಟದ್ದು ಅಂತ ಇರುತ್ತದೆಯೇ?

ಪ್ರಶ್ನೆ: ನಾನು 40 ವರ್ಷದಿಂದ ವೀಣೆ ನುಡಿಸುತ್ತಿದ್ದೇನೆ, ಮಕ್ಕಳಿಗೂ ಹೇಳಿಕೊಡುತ್ತೇನೆ. ನನ್ನ ತಂಗಿಯ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ 'ಹಾರ್ಶ್ ನಾಯ್ಸ್', ಅಂದರೆ ಕರ್ಕಶ ಗದ್ದಲ, ಅನ್ನುವ ಸಂಗೀತದ ಹುಚ್ಚು. ಹೋದ ತಿಂಗಳು ಹೊಸದಾಗಿ ಬಂದ ಒಂದು ಕ್ಯಾಸೆಟ್ ತರಿಸಿಕೊಂಡ. ಅದರ ಫೈಲನ್ನು ನನಗೂ ವಾಟ್ಸಾಪ್‌ನಲ್ಲಿ ಕಳಿಸಿದ. ಜೊತೆಗೆ ಒಂದು ಮೆಸೇಜ್: "ದೊಡ್ಡಮ್ಮ, ಮೊದಲ ಸೈಡ್ ಅಷ್ಟಕ್ಕಷ್ಟೆ. ಎಲ್ಲಾ ನಾಬ್ ಕೊನೇತನಕ ತಿರುಗಿಸಿ ಬಿಟ್ಟಿದ್ದಾನೆ. ಎರಡನೇ ಸೈಡ್ ಕೇಳು. 11ನೇ ನಿಮಿಷದಲ್ಲಿ ಕೆಳಗಿನ ಪದರ ಇದ್ದಕ್ಕಿದ್ದಂತೆ ಬಿದ್ದುಹೋಗುತ್ತೆ, ಮೈ ಝುಂ ಅನ್ನುತ್ತೆ. ಸದ್ದು ಒಣಗಿದೆ, ಆದ್ರೆ ಸತ್ತಿಲ್ಲ." ನಾನು ಫೋನಿನಲ್ಲಿ ಎರಡೂ ಸೈಡ್ ಕೇಳಿದೆ. ಎರಡೂ ಒಂದೇ, ಮಿಕ್ಸಿ ಓಡಿದ ಹಾಗೆ. ಇವನಿಗೆ ನಿಜವಾಗಿ ಏನಾದರೂ ಕೇಳಿಸುತ್ತಿದೆಯೋ, ಸುಮ್ನೆ ಹೇಳುತ್ತಿದ್ದಾನೋ?
ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನಿಜವಾಗಿಯೂ ಕೇಳಿಸುತ್ತಿದೆ ಮೇಡಂ. ಅನುಮಾನ ಇದ್ದರೆ ಅವನ ಮೊದಲ ಮಾತನ್ನೇ ಇನ್ನೊಮ್ಮೆ ಓದಿ. ಮೊದಲ ಸೈಡ್ ಅಷ್ಟಕ್ಕಷ್ಟೆ ಅಂದಿದ್ದಾನೆ. ತೋರಿಕೆಗೆ ಕೇಳುವವರು ಹೀಗೆ ಹೇಳುವುದಿಲ್ಲ, ಅವರಿಗೆ ಎಲ್ಲವೂ ಅದ್ಭುತವೇ. ಇವನು ದುಡ್ಡು ಕೊಟ್ಟು ತರಿಸಿದ ಕ್ಯಾಸೆಟ್ಟಿನಲ್ಲಿ ಅರ್ಧ ಚೆನ್ನಾಗಿಲ್ಲ ಅನ್ನುತ್ತಾನೆ. ಯಾಕೆ ಅಂತಲೂ ಹೇಳುತ್ತಾನೆ. ಚೆನ್ನಾಗಿರುವುದು ಎಷ್ಟನೇ ನಿಮಿಷದಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತಾನೆ. ಕಿವಿಗೊಟ್ಟು ಕೇಳದೆ ಇದು ಬರುವುದಿಲ್ಲ.

ಮತ್ತೆ ನಿಮಗೆ ಯಾಕೆ ಕೇಳಿಸಲಿಲ್ಲ? ಮೊದಲ ಕಾರಣ ನಿಮ್ಮ ಫೋನು. ಫೋನಿನ ಪುಟ್ಟ ಸ್ಪೀಕರಿಗೆ ಕೆಳಗಿನ ಸದ್ದನ್ನು ಸರಿಯಾಗಿ ಹೊರಡಿಸಲು ಆಗುವುದೇ ಇಲ್ಲ. ನಿಮ್ಮ ವೀಣೆಯ ಮಂದ್ರದ ತಂತಿಯನ್ನು ರೆಕಾರ್ಡ್ ಮಾಡಿ ಅದೇ ಫೋನಿನಲ್ಲಿ ಕೇಳಿ ನೋಡಿ. ಸ್ವರ ಗೊತ್ತಾಗುತ್ತದೆ, ತೂಕ ಇರುವುದಿಲ್ಲ. ತಂತಿಯಿಂದ ತಾವಾಗಿ ಏಳುವ ಮೇಲಿನ ಸ್ವಯಂಭೂ ಸ್ವರಗಳನ್ನು ಹಿಡಿದುಕೊಂಡು ನಮ್ಮ ತಲೆಯೇ ಕೆಳಗಿನ ಸ್ವರವನ್ನು ತುಂಬಿಕೊಳ್ಳುತ್ತದೆ. ಗದ್ದಲದಲ್ಲಿ ಹಾಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಹೋದದ್ದು ಹೋಯಿತು. 11ನೇ ನಿಮಿಷದಲ್ಲಿ ಬಿದ್ದುಹೋಗುವ ಆ ಪದರ ನಿಮ್ಮ ಫೋನಿನಲ್ಲಿ ಶುರುವಿನಿಂದಲೇ ಇರಲಿಲ್ಲ. ಇಲ್ಲದ್ದು ಬೀಳುವುದು ಹೇಗೆ ಕೇಳಿಸಬೇಕು?

ಎರಡನೇ ಕಾರಣ ನಿಮ್ಮ ಕಿವಿಯ ಅಭ್ಯಾಸ. ಅದು 40 ವರ್ಷ ಸ್ವರವನ್ನೂ ತಾಳವನ್ನೂ ಹುಡುಕಿ ಪಳಗಿದೆ. ಇಲ್ಲಿ ಎರಡೂ ಸಿಗುವುದಿಲ್ಲ. ಸಿಗದಿದ್ದಾಗ ಕಿವಿ "ಇದೆಲ್ಲ ಒಂದೇ" ಅಂತ ಬಾಗಿಲು ಹಾಕಿಕೊಳ್ಳುತ್ತದೆ.

ಆದರೆ ನೀವು ಮಿಕ್ಸಿ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಚಟ್ನಿ ರುಬ್ಬುವಾಗ ಕಾಯಿ ಇನ್ನೂ ತರಿತರಿ ಇದೆಯೋ, ನುಣ್ಣಗಾಯಿತೋ, ನೀರು ಸಾಲದೆ ಬ್ಲೇಡು ಸುಮ್ನೆ ತಿರುಗುತ್ತಿದೆಯೋ, ಮುಚ್ಚಳ ತೆಗೆಯದೆ ಸದ್ದಿನಿಂದಲೇ ಹೇಳುತ್ತೀರಲ್ವಾ? ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಾ ಕೂತಿದ್ದರೂ ಗೊತ್ತಾಗುತ್ತದೆ. ಅಲ್ಲಿ ಸ್ವರ ಇಲ್ಲ, ತಾಳ ಇಲ್ಲ. ಆದರೂ ನಿಮ್ಮ ಕಿವಿ ತರಿ ಯಾವುದು, ನುಣುಪು ಯಾವುದು ಅಂತ ಬೇರೆ ಮಾಡುತ್ತದೆ. ತಂಬೂರಿಯಲ್ಲಿ ಇದನ್ನೇ ಇನ್ನೂ ನಾಜೂಕಾಗಿ ಮಾಡುತ್ತೀರಿ. ಶ್ರುತಿ ಕೂಡಿದ ಮೇಲೆ ಜೀವಾಳದ ದಾರವನ್ನು ತಂತಿ ಕೂರುವ ಕುದುರೆಯ ಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತೀರಿ. ಸ್ವರ ಇದ್ದಲ್ಲೇ ಇರುತ್ತದೆ. ತಂತಿ ಮಾತ್ರ ಝೇಂಕರಿಸಲು ಶುರು ಮಾಡುತ್ತದೆ. ಆ ಝೇಂಕಾರವನ್ನು ನೀವು ಕೇಳುವ ಹಾಗೆ ನಿಮ್ಮ ಹುಡುಗ ಇಡೀ ಕ್ಯಾಸೆಟ್ಟನ್ನು ಕೇಳುತ್ತಾನೆ.

ಈ ಸದ್ದು ಹೇಗೆ ಹುಟ್ಟುತ್ತದೆ ಅಂತ ನೋಡಿದರೆ ಅವನ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಾನು ರೆಕಾರ್ಡಿಂಗ್ ಕೆಲಸ ಮಾಡುವವನು. ಕೆಲವು ವರ್ಷದ ಹಿಂದೆ ಮನೆಯಲ್ಲೇ ಮಾಡಿ ನೋಡಿದೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪೀಜೋ ಕೇಳಿದರೆ ಹಿತ್ತಾಳೆಯ ತೆಳು ಬಿಲ್ಲೆ ಕೊಡುತ್ತಾರೆ. ಬಜರ್ ಒಳಗೆ ಇರುತ್ತದಲ್ಲ, ಅದು. ಕೆಲವೇ ರೂಪಾಯಿ. ಎರಡು ವೈರ್ ಬೆಸುಗೆ ಹಾಕಿ ಜ್ಯಾಕ್ ಕೂಡಿಸಿದರೆ ಮೈಕ್ ಸಿದ್ಧ. ಇದು ಗಾಳಿಯಲ್ಲಿ ಬರುವ ಸದ್ದನ್ನು ಹಿಡಿಯುವ ಮೈಕ್ ಅಲ್ಲ. ಅಂಟಿಸಿದ ವಸ್ತುವಿನ ನಡುಕವನ್ನು ಹಿಡಿಯುತ್ತದೆ. ಅದನ್ನು ಊಟದ ಸ್ಟೀಲ್ ತಟ್ಟೆಯ ಹಿಂದೆ ಟೇಪ್ ಹಾಕಿ ಅಂಟಿಸಿದೆ. ಅಲ್ಲಿಂದ ಸದ್ದನ್ನು ಒಡೆದು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್, ಪೆಡಲ್‌ನಿಂದ ಸದ್ದು ಬೆರೆಸುವ ಒಂದು ಹಳೇ ಮಿಕ್ಸರ್. ತಟ್ಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದೆ. ಸ್ಪೀಕರಿನಿಂದ ಒಂದು ಲಾರಿ ಜಲ್ಲಿ ಸುರಿದ ಸದ್ದು ಬಂತು.

ಆಮೇಲೆ ತಟ್ಟೆ ಬಿಚ್ಚಿಟ್ಟು, ಮಿಕ್ಸರಿನ ಔಟ್‌ಪುಟ್ಟನ್ನು ಅದರ ಇನ್‌ಪುಟ್ಟಿಗೇ ವಾಪಸ್ ಕೊಟ್ಟೆ. ಮದುವೆ ಛತ್ರದಲ್ಲಿ ಮೈಕು ಸ್ಪೀಕರಿನ ಎದುರಿಗೆ ಬಂದರೆ ಕುಂಯ್ ಅನ್ನುತ್ತದಲ್ಲ, ಅದೇ ಫೀಡ್‌ಬ್ಯಾಕ್, ಆದರೆ ಇಲ್ಲಿ ವೈರಿನ ಒಳಗೇ ಸುತ್ತುತ್ತದೆ. ಸಣ್ಣ ಸಿಳ್ಳೆ ಎದ್ದಿತು. ಟ್ರೆಬಲ್ ನಾಬನ್ನು ಅಕ್ಕಿಕಾಳಿನಷ್ಟು ತಿರುಗಿಸಿದೆ. ಸಿಳ್ಳೆ ಒಡೆದು ಗರಗರ ಆಯಿತು. ಇನ್ನೊಂದು ಅಕ್ಕಿಕಾಳಿನಷ್ಟು. ಗರಗರದ ಒಳಗಿನಿಂದ ಮಳೆಗಾಲದ ಕಪ್ಪೆಗಳ ಹಾಗೆ ಏನೋ ಲಯ ಕಟ್ಟಿಕೊಂಡಿತು. ನಾಬನ್ನು ಮೊದಲಿದ್ದ ಜಾಗಕ್ಕೇ ವಾಪಸ್ ತಂದೆ. ಮೊದಲಿನ ಸಿಳ್ಳೆ ಬರಲಿಲ್ಲ, ಬೇರೆಯೇ ಬಂತು. ಸದ್ದು ತಾನು ಬಂದ ದಾರಿಯನ್ನು ನೆನಪಿಟ್ಟುಕೊಂಡ ಹಾಗೆ. ಮಧ್ಯಾಹ್ನ ಕೂತವನು ಎದ್ದಾಗ ಕತ್ತಲಾಗಿತ್ತು.

ಈ ಅಕ್ಕಿಕಾಳಿನಷ್ಟು ಜಾಗದಲ್ಲೇ ಈ ಕಲೆಯೆಲ್ಲ ಇದೆ. ಸಿಳ್ಳೆ ಒಡೆಯುವ ಅಂಚು ಎಲ್ಲಿ, ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ದಾಟಬೇಕು. ಎಲ್ಲಾ ನಾಬ್ ಕೊನೆಗೆ ತಿರುಗಿಸಿದರೆ ಈ ಅಂಚುಗಳೇ ಇಲ್ಲವಾಗುತ್ತವೆ. ವಿದ್ಯುತ್ತಿನ ಲೆಕ್ಕದಲ್ಲಿ ನೋಡಿದರೆ ಅಲೆಯ ತುದಿಗಳನ್ನು ಕತ್ತರಿಸಿ ಚಪ್ಪಟೆ ಮಾಡಿದ ಹಾಗೆ. ಎಲ್ಲವೂ ತುಂಬಿದ ಮೇಲೆ ಏರಲು ಜಾಗ ಇಲ್ಲ, ಇಳಿಯುವ ಮನಸ್ಸಿಲ್ಲ. ಮೊದಲ ಅರ್ಧ ನಿಮಿಷ ಬೆಚ್ಚಿಬೀಳುತ್ತೇವೆ, ಆಮೇಲೆ ಕಿವಿ ಒಗ್ಗಿಹೋಗುತ್ತದೆ. ನಿಮ್ಮ ಹುಡುಗ ಮೊದಲ ಸೈಡಿನ ಬಗ್ಗೆ ಹೇಳಿದ್ದು ಇದನ್ನೇ. ಗದ್ದಲ ಜಾಸ್ತಿ ಅಂತ ಅವನು ದೂರಲಿಲ್ಲ. ಗದ್ದಲ ನಿಂತಲ್ಲೇ ನಿಂತಿದೆ ಅಂದ.

ಇದು ನಿನ್ನೆ ಮೊನ್ನೆಯ ಗೀಳಲ್ಲ. 1913ರಲ್ಲೇ ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ, ಯಂತ್ರಗಳ ಕಾಲಕ್ಕೆ ಹಳೇ ವಾದ್ಯಗಳ ಸದ್ದು ಸಾಲದು ಅಂತ ಬರೆದ. ಪೆಟ್ಟಿಗೆಯೊಳಗೆ ಚಕ್ರ, ತಂತಿ ಇಟ್ಟು ಮುಂದೆ ದೊಡ್ಡ ಕಹಳೆ ಕೂರಿಸಿ, ಗುಡುಗುವ, ಗೊರಗುಟ್ಟುವ ವಾದ್ಯಗಳನ್ನು ಕಟ್ಟಿದ.

ನಿಮ್ಮಂಥ ವಿದ್ವಾಂಸರಿಗೆ ಹೇಳಲೇಬೇಕಾದ ಕಥೆ ಮುಂದಿನದು. 1975ರಲ್ಲಿ ಅಮೆರಿಕದ ರಾಕ್ ಹಾಡುಗಾರ ಲೂ ರೀಡ್ 'ಮೆಟಲ್ ಮಷೀನ್ ಮ್ಯೂಸಿಕ್' ಅನ್ನುವ ಜೋಡಿ ರೆಕಾರ್ಡ್ ತಂದ. ಹಾಡಿಲ್ಲ, ತಾಳ ಇಲ್ಲ. ಗಿಟಾರ್ ಮತ್ತು ಆಂಪ್ಲಿಫೈಯರ್‌ಗಳ ಫೀಡ್‌ಬ್ಯಾಕ್, ಒಂದರ ಮೇಲೊಂದು ಪೇರಿಸಿದ್ದು. ನಾಲ್ಕು ಮುಖ, ಪ್ರತಿ ಮುಖದ ಲೇಬಲ್ಲಿನಲ್ಲೂ 16 ನಿಮಿಷ 1 ಸೆಕೆಂಡ್ ಅಂತ ಅಚ್ಚು. ಕೊನೆಯ ಮುಖದ ಕೊನೆಗೆ ಮುಳ್ಳು ಒಂದೇ ಗೀರಿನಲ್ಲಿ ಸಿಕ್ಕಿ ಸುತ್ತುತ್ತಲೇ ಇರುತ್ತದೆ, ನೀವೇ ಎತ್ತಬೇಕು. ಹಾಡು ಇರುತ್ತದೆ ಅಂದುಕೊಂಡು ಕೊಂಡ ಬಹಳ ಜನ ಅಂಗಡಿಗೆ ವಾಪಸ್ ಕೊಟ್ಟರು. ಇದು ರೆಕಾರ್ಡ್ ಕಂಪನಿಯನ್ನು ಕೆಣಕಲು ಮಾಡಿದ್ದು, ಬರೀ ಮೋಸ ಅಂತ ಎಷ್ಟೋ ಮಂದಿ ಹೇಳಿದರು.

ಆಮೇಲೆ ಉಲ್ರಿಕ್ ಕ್ರೀಗರ್ ಎಂಬ ಜರ್ಮನ್ ಸ್ಯಾಕ್ಸೊಫೋನ್ ವಾದಕ ಅದನ್ನು ಕಿವಿಯಿಂದ ಕೇಳಿ ಕೇಳಿ ಸ್ವರಲಿಪಿಗೆ ಇಳಿಸಿದ. 2002ರಲ್ಲಿ ಬರ್ಲಿನ್‌ನಲ್ಲಿ ಝೈಟ್‌ಕ್ರಾಟ್ಸರ್ ಅನ್ನುವ ವಾದ್ಯವೃಂದ ಪಿಟೀಲು, ಚೆಲ್ಲೊ, ಗಾಳಿವಾದ್ಯಗಳಲ್ಲಿ ಅದನ್ನು ನುಡಿಸಿತು. ಲೂ ರೀಡ್ ಕೂಡ ವೇದಿಕೆಗೆ ಬಂದು ಗಿಟಾರ್ ಹಿಡಿದ. ನೀವೂ ಎಷ್ಟೋ ಕೃತಿಗಳನ್ನು ಕೇಳಿ ಬರೆದುಕೊಂಡಿರುತ್ತೀರಿ. ಒಳಗೆ ಏನೂ ಇಲ್ಲದಿದ್ದರೆ ಬರೆಯಲು ಬರುತ್ತದೆಯೇ? ಒಬ್ಬ ವಾದಕ ಕೂತು ಆ ಗದ್ದಲದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಎಲ್ಲಿ ಬಂದು ಸೇರಿತು ಅಂತ ಬಿಡಿಸಿ ಹಾಳೆಯ ಮೇಲೆ ಇಟ್ಟ. ನನಗಂತೂ ಈ ಸಂಗೀತದ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾರ್ಶ್ ನಾಯ್ಸ್ ಅಂತ ಇವತ್ತು ನಾವು ಕರೆಯುವುದು ಬೆಳೆದದ್ದು ಹೆಚ್ಚಾಗಿ ಜಪಾನಿನಲ್ಲಿ. ಟೋಕಿಯೊದ ಮಸಾಮಿ ಅಕಿತಾ 1979ರಲ್ಲಿ 'ಮೆರ್ಜ್‌ಬೌ' ಅನ್ನುವ ಹೆಸರಿನಲ್ಲಿ ಶುರು ಮಾಡಿದರು. ಅವರು ಓದಿದ್ದು ಚಿತ್ರಕಲೆ. ಆ ಹೆಸರೂ ಜರ್ಮನ್ ಕಲಾವಿದ ಕುರ್ಟ್ ಶ್ವಿಟರ್ಸ್ ಹಾನೋವರ್‌ನ ತನ್ನ ಮನೆಯೊಳಗೆ, ಸಿಕ್ಕ ವಸ್ತುಗಳನ್ನೂ ಸೇರಿಸಿ ಕಟ್ಟುತ್ತಾ ಹೋದ 'ಮೆರ್ಜ್‌ಬೌ' ಎಂಬ ಕೃತಿಯದು. ಅದು 1943ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಬಿಸಾಡಿದ ವಸ್ತುವಿನಿಂದ ಅವನು ಗೋಡೆ ಕಟ್ಟಿದ, ಇವರು ಬಿಸಾಡಿದ ಸದ್ದಿನಿಂದ ಕಟ್ಟುತ್ತಾರೆ. 2000ದಲ್ಲಿ ಆಸ್ಟ್ರೇಲಿಯಾದ ಕಂಪನಿಯೊಂದು ಇವರ ಕೆಲಸವನ್ನು 50 ಸೀಡಿಗಳ ಪೆಟ್ಟಿಗೆಯಾಗಿ ತಂದಿತು. ಅದಾದ ಮೇಲೂ ನಿಂತಿಲ್ಲ, ವರ್ಷಕ್ಕೆ ಹಲವು ಆಲ್ಬಮ್ ಬರುತ್ತವೆ.

ನೀವು 'ಹುಚ್ಚು' ಅನ್ನುವ ಮಾತು ಬಳಸಿದ್ದೀರಿ. ಒಂದು ಮಾತು ಹೇಳಲೇ? ಇದೇ ಜಪಾನಿನ ಇನ್ನೊಂದು ಹೆಸರಾಂತ ಜೋಡಿ ಇನ್‌ಕೆಪಾಸಿಟಂಟ್ಸ್. ತೋಶಿಜಿ ಮಿಕಾವಾ ಬ್ಯಾಂಕ್ ನೌಕರಿ ಮಾಡಿದವರು, ಫುಮಿಯೊ ಕೊಸಾಕಾಯ್ ಸರ್ಕಾರಿ ಕಚೇರಿಯಲ್ಲಿ ಇದ್ದವರು. ವೇದಿಕೆಯ ಮೇಲೆ ಇಬ್ಬರೂ ಮೈ ಬಂದವರ ಹಾಗೆ ಕುಲುಕಾಡುತ್ತಾರೆ. ಬೆವರಿ ನೀರಾಗುತ್ತಾರೆ. ಅವರನ್ನು ನೋಡಿದಾಗ ನನಗೆ ಕಾಣುವುದು ಸಿಟ್ಟಲ್ಲ, ಸಂತೋಷ. ಈ ಸಂಗೀತ ಕೋಪದಿಂದ ಬರುತ್ತದೆ ಅನ್ನುವ ನಂಬಿಕೆ ತಪ್ಪು. ಕೆಲವರದ್ದು ಹಾಗಿರಬಹುದು, ಎಲ್ಲರದ್ದೂ ಅಲ್ಲ. ಅಕಿತಾ ಅವರ ಎಷ್ಟೋ ಆಲ್ಬಮ್‌ಗಳು ಪ್ರಾಣಿಪಕ್ಷಿಗಳಿಗಾಗಿ ಮಾಡಿದವು. ಸಸ್ಯಾಹಾರಿ ಅಷ್ಟೇ ಅಲ್ಲ, ಹಾಲು ಮೊಟ್ಟೆಯನ್ನೂ ಬಿಟ್ಟವರು. ಜಪಾನಿನ ಹಕ್ಕಿಗಳ ಹೆಸರಿನಲ್ಲಿ 13 ಆಲ್ಬಮ್‌ಗಳ ಸರಣಿಯನ್ನೇ 2009ರಲ್ಲಿ ಶುರು ಮಾಡಿದರು.

ಅವರ ಆಲ್ಬಮ್‌ಗಳಲ್ಲಿ ಅಭಿಮಾನಿಗಳು ಎಲ್ಲರೂ ಮಾತಾಡುವುದು 1996ರ 'ಪಲ್ಸ್ ಡೀಮನ್' ಬಗ್ಗೆ. ಹೊದಿಕೆಯ ಮೇಲೆ ಕಣ್ಣು ಕುಕ್ಕುವ ಸಣ್ಣ ಸಣ್ಣ ಗೆರೆಗಳು, ನೋಡುತ್ತಾ ಇದ್ದರೆ ಅಲುಗಾಡುತ್ತವೆ. ಒಟ್ಟು ಎಂಟು ಭಾಗ, 70 ನಿಮಿಷ ಮೀರುತ್ತದೆ. ಮೊದಲನೆಯದರ ಹೆಸರು ಮರಕುಟಿಗ. ಪೀಠಿಕೆ ಏನೂ ಇಲ್ಲ, ಬಟನ್ ಒತ್ತಿದ ಕೂಡಲೇ ನಿಮ್ಮ ಮೇಲೆ ಬೀಳುತ್ತದೆ. ಮೊದಲ ಸಲ ಕೇಳಿದಾಗ ನನಗೂ ಬರೀ ಭೋರ್ಗರೆತ. ಮೂರನೆಯ ಸಲ ಗೊತ್ತಾಯಿತು, ಮೇಲೆ ಒಂದು ಚೂಪಾದ ಸದ್ದು ಕುಟ್ಟುತ್ತಿದೆ, ಹೆಸರಿಗೆ ತಕ್ಕ ಹಾಗೆ. ಕೆಳಗಿನ ಮೊರೆತ ಬೇರೆ. ಎರಡರ ನಡುವೆ ಜಾಗ ಇದೆ. ಆ ಕುಟ್ಟುವಿಕೆ ಒಂದೇ ವೇಗದಲ್ಲಿ ಇರುವುದಿಲ್ಲ. ಹಿಗ್ಗುತ್ತದೆ, ಕುಗ್ಗುತ್ತದೆ. ಅಕಿತಾ ಮೂಲತಃ ಡ್ರಮ್ ನುಡಿಸುತ್ತಿದ್ದವರು ಅನ್ನುವುದು ಇಲ್ಲಿ ಕಾಣುತ್ತದೆ ಅಂತ ನನ್ನ ಅಭಿಪ್ರಾಯ. ತಾಳ ಇಲ್ಲ, ಆದರೆ ಕೈ ಬೀಳುವ ಪರಿ ಇದೆ. ಇಡೀ ಆಲ್ಬಮ್ಮನ್ನು ಒಂದೇ ಸಲಕ್ಕೆ ಕೇಳಬೇಕು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಅರ್ಧ ಗಂಟೆಯಷ್ಟು ಕಸುವು ಕೊನೆಯಲ್ಲಿ ನನಗೆ ಸಿಕ್ಕಿಲ್ಲ, ಅಥವಾ ಅಷ್ಟು ಹೊತ್ತಿಗೆ ನನ್ನ ಕಿವಿ ದಣಿದಿರುತ್ತದೆ.

ಸದ್ದು ಒಣಗಿದೆ, ಆದರೆ ಸತ್ತಿಲ್ಲ ಅಂತ ಹುಡುಗ ಬರೆದಿದ್ದಾನಲ್ಲ, ಆ ಮಾತು ನನಗೆ ತುಂಬಾ ಹಿಡಿಸಿತು. ಒದ್ದೆ ಸದ್ದು ಅಂದರೆ ಒಂದಕ್ಕೊಂದು ಅಂಟಿಕೊಂಡು ಹರಿಯುವುದು, ಪ್ರತಿಧ್ವನಿಯ ಬಾಲ ಇರುವುದು. ಒಣ ಸದ್ದು ಅಂದರೆ ಬಾಲ ಇಲ್ಲದ್ದು, ಕಾಳು ಕಾಳಾಗಿ ಉದುರುವುದು. ಹುರಿಗಡಲೆ ಕೊಡವಿದ ಹಾಗೆ. ಒಣಗಿಸುತ್ತಾ ಹೋದರೆ ಒಂದು ಹಂತದಲ್ಲಿ ಹಳೇ ಟೀವಿಯಲ್ಲಿ ಚಾನೆಲ್ ಬರದಾಗ ಕೇಳುತ್ತಿದ್ದ ಬರೀ ಸುಯ್ ಸದ್ದಾಗುತ್ತದೆ. ಎಲ್ಲಾ ಕಂಪನಗಳೂ ಸಮ, ಯಾವುದೂ ಎದ್ದು ಕಾಣುವುದಿಲ್ಲ. ಅದು ಸತ್ತ ಸದ್ದು. ಅದರ ಹತ್ತಿರ ಹೋಗಿ ಅದಾಗದೆ ಉಳಿಯುವುದು ಕಷ್ಟದ ಕೆಲಸ.

ಈ ಕಷ್ಟವನ್ನೇ ದಾರಿ ಮಾಡಿಕೊಂಡವರಿದ್ದಾರೆ. ಅವರದ್ದಕ್ಕೆ 'ನಾಯ್ಸ್ ವಾಲ್' ಅನ್ನುತ್ತಾರೆ, ಗದ್ದಲದ ಗೋಡೆ. ಫ್ರಾನ್ಸಿನ ವೋಮಿರ್ ಮಾಡುವ ಗೋಡೆ ಶುರುವಿನಿಂದ ಕೊನೆಯವರೆಗೆ ಒಂದೇ ಥರ ಇರುತ್ತದೆ. ಬದಲಾವಣೆ ಬೇಡ ಅನ್ನುವುದೇ ಅವರ ತತ್ವ. ಕೆನಡಾದ ದಿ ರೀಟಾ 2006ರ ಆಲ್ಬಮ್ ಒಂದಕ್ಕೆ, ದೊಡ್ಡ ಬಿಳಿ ಶಾರ್ಕ್‌ಗಳ ನಡುವೆ ಪಂಜರದಲ್ಲಿ ಮುಳುಗಿದಾಗಿನ ಸದ್ದನ್ನು ಮೂಲವಾಗಿ ಬಳಸಿದರು. ಕೇಳಿದರೆ ಶಾರ್ಕ್ ಎಲ್ಲೂ ಸಿಗುವುದಿಲ್ಲ, ಎಣ್ಣೆ ಸಿಡಿದ ಹಾಗೆ ಚಟಪಟ. ಗೋಡೆಯಲ್ಲಿ ಸದ್ದು ಬದಲಾಗುವುದಿಲ್ಲ, ಕೇಳುವವರ ಗಮನ ಅದರ ಮೇಲೆ ಓಡಾಡುತ್ತದೆ. ಮಲೆನಾಡಿನಲ್ಲಿ ತಗಡಿನ ಮಾಡಿನ ಮೇಲೆ ಸುರಿವ ಜಡಿಮಳೆ ಕೇಳುತ್ತಾ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಒಂದು ಮುಖ್ಯ ಮಾತು. ವಾಲ್ಯೂಮ್ ಜಾಸ್ತಿ ಇಟ್ಟರೇ ಇದು ಅರ್ಥವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಕಾರ್ಯಕ್ರಮದಲ್ಲಿ ನಾನು ಸ್ಪೀಕರ್ ಪಕ್ಕದಲ್ಲೇ ನಿಂತೆ. ಎರಡು ದಿನ ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲಲಿಲ್ಲ. ಕೆಲಸವೇ ಕಿವಿಯದ್ದಾದ ನನಗೆ ಆ ಎರಡು ದಿನದ ಹೆದರಿಕೆ ಇನ್ನೂ ಮರೆತಿಲ್ಲ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. 100 ಡೆಸಿಬೆಲ್‌ಗೆ ಬರುವಾಗ ಬರೀ 15 ನಿಮಿಷ. ಹಾಡಿನಲ್ಲಿ ನಡುವೆ ನಡುವೆ ಸದ್ದು ತಗ್ಗುತ್ತದೆ, ಕಿವಿಗೆ ಉಸಿರಾಡಲು ಸಮಯ ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ. ನಿಮ್ಮ ಹುಡುಗನಿಗೂ ಇದನ್ನು ಹೇಳಿ. ಕಾರ್ಯಕ್ರಮಕ್ಕೆ ಹೋಗುವುದಾದರೆ ಕಿವಿಗೆ ಪ್ಲಗ್ ಇಟ್ಟುಕೊಳ್ಳಲಿ. ನಿಮ್ಮ ಕಿವಿಯಂತೂ ಎಷ್ಟೋ ಮಕ್ಕಳಿಗೆ ಬೇಕಾದದ್ದು.

ನೀವು ಇನ್ನೊಮ್ಮೆ ಕೇಳಿ ನೋಡುವ ಮನಸ್ಸು ಮಾಡಿದರೆ, ಮೊದಲು ಅವನಿಗೆ ಹೇಳಿ, ಸದ್ದಿನಲ್ಲಿ ಏನನ್ನೂ ಬಿಸಾಡದ ವೇವ್ ಅಥವಾ ಫ್ಲ್ಯಾಕ್ ಫೈಲ್ ತರಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ಎಂಪಿ3 ಬೇಡ. ಎಂಪಿ3 ಸಣ್ಣದಾಗುವುದೇ ಕಿವಿಗೆ ಗೊತ್ತಾಗಲಿಕ್ಕಿಲ್ಲ ಅನಿಸಿದ್ದನ್ನು ಬಿಸಾಡಿ. ಹಾಡಿನಲ್ಲಿ ಬಿಸಾಡಲು ಬೇಕಾದಷ್ಟು ಸಿಗುತ್ತದೆ. ಎಲ್ಲವೂ ತುಂಬಿರುವ ಗದ್ದಲದಲ್ಲಿ ಏನು ಬಿಟ್ಟರೂ ನೂಲು ಕಿತ್ತುಬರುತ್ತದೆ. ನಿಜ ಹೇಳಬೇಕೆಂದರೆ ಕ್ಯಾಸೆಟ್ಟೂ ಮೇಲಿನ ಸದ್ದನ್ನು ತುಸು ಮೊಂಡು ಮಾಡುತ್ತದೆ. ಆದರೆ ಮಾಡುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮಾಡಿರುತ್ತಾರೆ. ಟೇಪು ತುಂಬಿ ತುಳುಕುವಾಗ ಸದ್ದು ದಪ್ಪವಾಗುವುದು ಎಷ್ಟೋ ಜನರಿಗೆ ಇಷ್ಟ. ಈ ವಲಯದಲ್ಲಿ ಕ್ಯಾಸೆಟ್ ಇನ್ನೂ ಬದುಕಿರುವುದಕ್ಕೆ ಅದೂ ಒಂದು ಕಾರಣ.

ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್ ಹಾಕಿಕೊಳ್ಳಿ. ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಕೇಳಿಸುವಷ್ಟು ವಾಲ್ಯೂಮ್ ಸಾಕು. ಎರಡನೇ ಸೈಡ್ ಮಾತ್ರ ಹಾಕಿ. ಸ್ವರ ಹುಡುಕಬೇಡಿ. ಮೊದಲು ಅತಿ ಕೆಳಗಿನ ಸದ್ದು ಯಾವುದು ಅಂತ ಹಿಡಿಯಿರಿ, ತಂಬೂರಿಯಲ್ಲಿ ಮಂದ್ರ ಹಿಡಿಯುವ ಹಾಗೆ. ಅದು ಸಿಕ್ಕಿದ ಮೇಲೆ ಅತಿ ಮೇಲಿನದು. ನಡುವಿನದು ತಾನಾಗಿ ಬಿಡಿಸಿಕೊಳ್ಳುತ್ತದೆ. ಫೋನ್ ಮಗುಚಿ ಇಡಿ, ಸಮಯ ಕಾಣದಿರಲಿ. ಏನೋ ಬದಲಾಯಿತು ಅನಿಸಿದಾಗ ಮಾತ್ರ ಎತ್ತಿ ನೋಡಿ, ನಿಮಿಷ ಬರೆದುಕೊಂಡು ಮತ್ತೆ ಮಗುಚಿ. 15 ನಿಮಿಷ ಆದ ಮೇಲೆ ನಿಲ್ಲಿಸಿ, ಉಳಿದದ್ದು ಮಾರನೇ ದಿನ.

ಆಮೇಲೆ ಪುಣೆಗೆ ಫೋನ್ ಮಾಡಿ, ನಿಮ್ಮ ಪಟ್ಟಿ ಓದುವ ಮೊದಲು ಅವನ ಪಟ್ಟಿ ಕೇಳಿ. 11ನೇ ನಿಮಿಷ ಇಬ್ಬರಲ್ಲೂ ಇರುತ್ತದೆ ಅಂತ ನನ್ನ ನಂಬಿಕೆ. ಅವನ ಪಟ್ಟಿಯಲ್ಲಿ ಇಲ್ಲದ ಒಂದು ನಿಮಿಷ ನಿಮ್ಮದರಲ್ಲಿ ಇದ್ದರೆ, ಅಲ್ಲಿ ಏನು ಕೇಳಿತು ಅಂತ ಅವನಿಗೆ ಬಿಡಿಸಿ ಹೇಳಿ.